ತಾನೇ ನಡೆಯುವ ಗಾಡಿ

“ಬುದ್ಧಿ, ಒಂದು ಕೆಲಸ ಮುಗಿಯಿತು ಎಂದು ತಿಳಿಯುವುದು ಹೇಗೆ?”

ಕೇಳಿದವನು ಗುರುಸಿದ್ದಪ್ಪ. ಮಠದ ವಿದ್ಯಾರ್ಥಿನಿಲಯವನ್ನು ಹನ್ನೆರಡು ವರ್ಷ ನೋಡಿಕೊಂಡವನು. ಹೊಸ ಕಟ್ಟಡ ಎದ್ದಿತ್ತು, ಮಂಚಗಳು ಬಂದಿದ್ದವು, ಎರಡು ಹೊತ್ತಿನ ಊಟ ತಪ್ಪದೆ ನಡೆಯುತ್ತಿತ್ತು. ಅವನಿಗೆ ಸಾಕಾಗಿ ಹೋಗಿತ್ತು. ಇನ್ನು ಬಿಡು ಎಂದು ಸ್ವಾಮಿಗಳ ಬಾಯಲ್ಲಿ ಕೇಳಬೇಕೆಂದು ಬಂದಿದ್ದ.

ಸ್ವಾಮಿಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಇಂಜಿನಿಯರಿಂಗ್ ಓದುವ ನಾಲ್ವರು ಸೇರಿ ಒಂದು ಪುಟ್ಟ ರೋಬೋಟ್ ಕಟ್ಟುತ್ತಿದ್ದರು. ಮೊಣಕಾಲೆತ್ತರದ, ನಾಲ್ಕು ಗಾಲಿಯ ಗಾಡಿ ಅದು. ಆಸ್ಪತ್ರೆಯ ಔಷಧಿ ಕೊಠಡಿಯಿಂದ ಹೊರಟು, ಯಾರೂ ನಡೆಸದೆ ತಾನೇ ವಾರ್ಡಿಗೆ ಔಷಧಿ ಮುಟ್ಟಿಸಬೇಕು. ದಾರಿಯಲ್ಲಿ ಯಾರಿಗೂ ತಾಗಬಾರದು. ತಂಡಕ್ಕೆ ಒಬ್ಬ ಹುಡುಗಿ ಮುಂದಾಳು. ಎಂಟು ತಿಂಗಳಿಂದ ಅವಳಿಗೆ ಬೇರೆ ಯೋಚನೆ ಇರಲಿಲ್ಲ. ಬೆಸುಗೆ ಹಾಕಿ ಹಾಕಿ ಬೆರಳ ತುದಿ ಸುಟ್ಟಿತ್ತು. ಊಟದ ರುಚಿ ಮರೆತಿತ್ತು.

ಕೊನೆಗೆ ಗಾಡಿಯನ್ನು ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ ಬಿಟ್ಟರು. ಇಬ್ಬರು ಆ ತುದಿಯಲ್ಲಿ, ಇಬ್ಬರು ಈ ತುದಿಯಲ್ಲಿ ನಿಂತರು. ನಡುವೆ ಒಂದು ತಿರುವು ಇತ್ತು. ಅಲ್ಲಿ ಯಾರೂ ನಿಲ್ಲಲಿಲ್ಲ. ಗಾಡಿ ಹೋಯಿತು, ಬಂತು, ಮತ್ತೆ ಹೋಯಿತು. ಹದಿನೇಳು ದಿನ ಅದು ಯಾರಿಗೂ ತಾಗಲಿಲ್ಲ. ಹುಡುಗಿ ಪುಸ್ತಕದಲ್ಲಿ ಪ್ರತಿದಿನ ‘ತಾನೇ ನಡೆಯಿತು’ ಎಂದು ಬರೆದು ಸಹಿ ಹಾಕಿದಳು. ಇನ್ನು ಮೂರು ದಿನ ಕಳೆದರೆ ಕಾಲೇಜಿಗೆ ಒಪ್ಪಿಸಿ ಊರಿಗೆ ಹೋಗಿ ಮಲಗುವುದು ಎಂದುಕೊಂಡಿದ್ದಳು.

ಹದಿನೆಂಟನೆಯ ದಿನ, ತಿರುವಿನಲ್ಲಿ, ಗೋಡೆ ಹಿಡಿದು ನಡೆಯುತ್ತಿದ್ದ ಒಬ್ಬ ಮುದುಕನ ಊರುಗೋಲಿಗೆ ಗಾಡಿ ತಾಗಿತು. ಮುದುಕ ಬಿದ್ದ. ಮಣಿಕಟ್ಟು ಮುರಿಯಿತು.

ಅವನನ್ನು ಎತ್ತಿ ಕೂರಿಸಿದ ನರ್ಸ್, “ಇವತ್ತು ನೆಲ ಒರೆಸುವವಳು ಬಂದಿಲ್ಲ, ಅದಕ್ಕೇ ಹೀಗಾಯಿತು,” ಎಂದಳು.

ಆ ಮಾತು ಹುಡುಗಿಗೆ ಅರ್ಥವಾಗಲಿಲ್ಲ. ನೆಲ ಒರೆಸುವ ಹೆಂಗಸು ಅಕ್ಕನ ಮನೆಯಲ್ಲಿ ಸಾವಾಗಿದೆಯೆಂದು ಹೋಗಿದ್ದಳು. ಎರಡು ದಿನದ ಮೇಲೆ ಬಂದಾಗ ಹುಡುಗಿ ಹೋಗಿ ಕೇಳಿದಳು. ಆಕೆ ಇದ್ದದ್ದನ್ನು ಹೇಳಿದಳು. ಗಾಡಿಯ ಸದ್ದು ಕೇಳಿದೊಡನೆ ಆಕೆ ಆ ತಿರುವಿನಲ್ಲಿ ಬಕೆಟ್ ಸರಿಸುತ್ತಿದ್ದಳು, ನೆಲದ ಮೇಲೆ ಕುಳಿತವರಿಗೆ ಕಾಲು ಮಡಚಿಕೊಳ್ಳಲು ಹೇಳುತ್ತಿದ್ದಳು, ಮುದುಕರನ್ನು ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸುತ್ತಿದ್ದಳು. ದಿನಕ್ಕೆ ನಲವತ್ತು ಸಲ.

“ನಮಗೆ ಹೇಳಬಾರದಿತ್ತೇ ಅಕ್ಕ?”

“ನೀವು ಕೇಳಲಿಲ್ಲವಲ್ಲಮ್ಮ. ಅದೂ ನನ್ನ ಕೆಲಸವೇ ಇರಬೇಕು ಅಂದುಕೊಂಡೆ.”

ಹುಡುಗಿ ಒದ್ದೆ ನೆಲದ ಮೇಲೆಯೇ ಕುಳಿತುಬಿಟ್ಟಳು. ಗಾಡಿಗೆ ಗೋಡೆ ಕಾಣುತ್ತಿತ್ತು, ಮಂಚ ಕಾಣುತ್ತಿತ್ತು. ಕೋಲು ಕಾಣುತ್ತಿರಲಿಲ್ಲ, ಚಾಚಿದ ಕಾಲು ಕಾಣುತ್ತಿರಲಿಲ್ಲ.

ಜೊತೆಯವರು ಹೇಳಿದರು: “ಪರೀಕ್ಷೆ ಹತ್ತಿರ ಬಂತು. ಆಕೆ ಇದ್ದರೆ ಗಾಡಿ ನಡೆಯುತ್ತದೆ. ಹೀಗೇ ಒಪ್ಪಿಸಿಬಿಡೋಣ.” ಹುಡುಗಿಗೂ ಹಾಗೆಯೇ ಅನಿಸಿತ್ತು. ಒಪ್ಪಿಕೊಳ್ಳಲು ಬಾಯಿ ತೆರೆದಿದ್ದಳು ಕೂಡ. ಆದರೆ ವಾರ್ಡಿನಲ್ಲಿ ಮುದುಕ ಎಡಗೈಯಲ್ಲಿ ಅನ್ನ ಕಲಸಲು ಒದ್ದಾಡುತ್ತಿದ್ದುದನ್ನು ಅವಳು ಬೆಳಿಗ್ಗೆ ನೋಡಿದ್ದಳು. ಪುಸ್ತಕ ತೆಗೆದು ಹದಿನೇಳು ದಿನದ ಬರಹವನ್ನೂ ಹೊಡೆದುಹಾಕಿದಳು. ಕೆಲಸ ಆಗಿಲ್ಲವೆಂದು ಕಾಲೇಜಿನ ಮೇಷ್ಟರಿಗೆ ತಾನೇ ಹೋಗಿ ಹೇಳಿದಳು.

ಇಬ್ಬರು ತಂಡ ಬಿಟ್ಟರು. ಉಳಿದಿಬ್ಬರು ಗಾಡಿಯನ್ನು ಬಿಚ್ಚಿ ಮತ್ತೆ ಕಟ್ಟಿದರು. ಐದು ತಿಂಗಳು ಹಿಡಿಯಿತು. ಹುಡುಗಿಗೆ ಮೊದಲಿನ ಹುರುಪು ಇರಲಿಲ್ಲ. ಬೇಸರದಲ್ಲಿಯೇ ಎದ್ದು ಬರುತ್ತಿದ್ದಳು, ಬೇಸರದಲ್ಲಿಯೇ ಮಾಡುತ್ತಿದ್ದಳು, ಆದರೂ ಮಾಡುತ್ತಿದ್ದಳು. ದಿನವೂ ಆ ತಿರುವಿನಲ್ಲಿಯೇ ನಿಂತು ನೋಡಿದಳು. ದಾರಿ ಬಿಡಬೇಡಿ ಎಂದು ನೆಲ ಒರೆಸುವ ಹೆಂಗಸಿಗೆ ಹೇಳಿಟ್ಟಳು. ಎಷ್ಟೋ ಸಲ ಗಾಡಿ ಆಕೆಯ ಕಾಲಿಗೇ ತಾಗಿತು. ಆಕೆ ಕಾಲು ಉಜ್ಜಿಕೊಂಡು ಮತ್ತೆ ಅಲ್ಲೇ ನಿಂತಳು.

ಒಂದು ದಿನ ಗಾಡಿ ಬಂತು. ಆಕೆ ಒರೆಸುವ ಕೋಲನ್ನು ಅಡ್ಡ ಹಿಡಿದಳು. ಗಾಡಿ ನಿಂತಿತು. ಕೋಲು ತೆಗೆದು ಕಾಲು ಚಾಚಿದಳು. ಗಾಡಿ ಹಿಂದೆ ಸರಿದು, ಪಕ್ಕದಿಂದ ಸುತ್ತಿಕೊಂಡು ಮುಂದೆ ಹೋಯಿತು. ಆಕೆ ಅದು ಹೋದ ಕಡೆಯೇ ನೋಡುತ್ತ ನಿಂತಳು.

“ಈಗ ಅದಕ್ಕೆ ನಾನು ಕಾಣಿಸುತ್ತೇನೆ,” ಎಂದಳು.

ಹುಡುಗಿ ಪುಸ್ತಕದಲ್ಲಿ ‘ತಾನೇ ನಡೆಯಿತು’ ಎಂದು ಬರೆದಳು. ಮರುದಿನ ಗಾಡಿಯನ್ನು ಒಪ್ಪಿಸಿ ಊರಿನ ಬಸ್ಸು ಹತ್ತಿದಳು.

ಸ್ವಾಮಿಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಗುರುಸಿದ್ದಪ್ಪನಿಗೆ ಮನಸ್ಸು ಹಗುರವಾಯಿತು. “ಹಾಗಾದರೆ ಅವತ್ತಿಗೆ ಕೆಲಸ ಮುಗಿಯಿತಲ್ಲವೇ ಬುದ್ಧಿ?” ಎಂದ.

“ಗಾಡಿಯದು ಮುಗಿಯಿತು,” ಎಂದರು ಸ್ವಾಮಿಗಳು, “ಆ ಹೆಂಗಸಿನ ಹೆಸರೇನೆಂದು ಹುಡುಗಿಗೆ ಅವತ್ತಿಗೂ ಗೊತ್ತಿರಲಿಲ್ಲ.”