ನಂಬಿದವನ ಗುಡ್ಡ

ನಮ್ಮೂರು ಹುಣಸಿಮಟ್ಟಿಯಿಂದ ಪಡುವಣಕ್ಕೆ ಹೊರಡುವ ದಾರಿ ಹಳ್ಳ ದಾಟಿದ ಮೇಲೆ ಒಂದು ಬೋಳು ಗುಡ್ಡವನ್ನು ಬಳಸಿ ಹೋಗುತ್ತದೆ. ಎತ್ತರವಾದ ಗುಡ್ಡವಲ್ಲ. ಮಳೆಗಾಲದಲ್ಲಿ ತುಸು ಹಸಿರು, ಉಳಿದಂತೆ ಕೆಂಪು ಗರಸು ಮಣ್ಣು, ಅಲ್ಲಲ್ಲಿ ಕಾರೆ ಕಂಟಿ. ಈಚೆಗೆ ನೆತ್ತಿಯ ಮೇಲೆ ಗಾಳಿಯಂತ್ರಗಳು ಬಂದಿವೆ. ಅವುಗಳ ರೆಕ್ಕೆಯ ನೆರಳು ಸಂಜೆಯ ಹೊತ್ತು ನಮ್ಮ ಹೊಲಗಳ ಮೇಲೆ ಸುತ್ತುತ್ತದೆ. ಇದಕ್ಕೆ ನಂಬಿದವನ ಗುಡ್ಡವೆಂದು ಹೆಸರು. ಸುತ್ತಲಿನ ಎಲ್ಲ ಗುಡ್ಡಗಳಿಗೂ ಒಂದೊಂದು ಕಥೆಯಿದೆ, ಆ ಊರಿನವರು ಅದನ್ನು ಕೇಳದಿದ್ದರೂ ಹೇಳುತ್ತಾರೆ. ನಮ್ಮೂರಿನವರು ಮಾತ್ರ ಕೇಳಿದರೂ ಹೇಳುವುದಿಲ್ಲ. ನನಗೆ ಇದನ್ನು ಹೇಳಿದವಳು ನಮ್ಮಜ್ಜಿ. ಅವಳಿಗೆ ಅವಳ ಅತ್ತೆ, ಸೊಸೆಯಾಗಿ ಬಂದ ಮೊದಲ ವರ್ಷದಲ್ಲಿ, ಈ ಮನೆಯ ಅನ್ನ ಉಣ್ಣುವವಳಿಗೆ ಇದು ಗೊತ್ತಿರಬೇಕೆಂದು ಕೂಡಿಸಿಕೊಂಡು ಹೇಳಿದ್ದಳಂತೆ.

ಹಿಂದೆ ಒಮ್ಮೆ, ರೈಲು ಇನ್ನೂ ಈ ಕಡೆಗೆ ಬಾರದಿದ್ದ ಕಾಲದಲ್ಲಿ, ಉಪ್ಪು ಘಟ್ಟದ ಕೆಳಗಿನಿಂದ ಎತ್ತುಗಳ ಬೆನ್ನೇರಿ ಬರುತ್ತಿತ್ತು. ಸುಗ್ಗಿ ಮುಗಿಯುವ ಹೊತ್ತಿಗೆ ಹೇರಿನವರು ಬಂದು ಈ ಗುಡ್ಡದ ಮಗ್ಗುಲಲ್ಲಿ ಬೀಡು ಬಿಟ್ಟು, ಉಪ್ಪು ಕೊಟ್ಟು ಜೋಳ ಕೊಂಡು ಹೋಗುತ್ತಿದ್ದರು. ಒಂದು ವರ್ಷ ಒಬ್ಬನೇ ಒಬ್ಬ ಹೇರಿನವನು ನಾಲ್ಕಾರು ಎತ್ತುಗಳೊಂದಿಗೆ ಬಂದ. ಅವನ ಮುಂದಾಳು ಎತ್ತು ಬಿಳಿಯದು, ವಯಸ್ಸಾದದ್ದು. ಅದರ ಕೊರಳ ಗಂಟೆಯ ಹಿಂದೆ ಉಳಿದವು ಕಣ್ಣು ಮುಚ್ಚಿ ನಡೆಯುತ್ತಿದ್ದವು ಎನ್ನುತ್ತಾರೆ. ಆ ಎತ್ತು ಒಂದು ಸಂಜೆ ಊರಗೌಡ ರಾಚನಗೌಡನ ಕಡಲೆ ಹೊಲಕ್ಕೆ ನುಗ್ಗಿತು. ಗೌಡನ ಆಳುಗಳು ಅದನ್ನು ಹಿಡಿದು ಊರ ದೊಡ್ಡಿಯಲ್ಲಿ ಕೂಡಿ ಹಾಕಿದರು. ಗೌಡ ಮರುದಿನ ನಸುಕಿನಲ್ಲೇ ಮಗಳ ನಿಶ್ಚಯಕ್ಕೆಂದು ದೂರದೂರಿಗೆ ಹೊರಟುಹೋದ. ಅವನು ಬರುವ ತನಕ ದೊಡ್ಡಿಯ ಬಾಗಿಲು ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಹೇರಿನವನು ಮನೆಮನೆಗೆ ಬಂದು ಕೈಮುಗಿದ. ಎತ್ತು ಬಿಡದಿದ್ದರೂ ಚಿಂತೆಯಿಲ್ಲ, ಅದಕ್ಕೆ ನೀರಾದರೂ ಕುಡಿಸಿರಿ ಎಂದು ಬೇಡಿಕೊಂಡ. ಅವನನ್ನು ದೊಡ್ಡಿಯ ಹತ್ತಿರ ಬಿಡದೆ, ಕುಡಿಸಿದ್ದೇವೆ ಹೋಗು ಎಂದರು. ದೊಡ್ಡಿಯ ಕಾವಲಿನವನು ಆಳುಗಳು ಕುಡಿಸಿರಬಹುದೆಂದುಕೊಂಡ, ಆಳುಗಳು ಕಾವಲಿನವನು ಕುಡಿಸಿರಬಹುದೆಂದುಕೊಂಡರು. ನೀರಿಗೆ ಹೋಗುವ ದಾರಿ ದೊಡ್ಡಿಯ ಗೋಡೆಗೆ ಹತ್ತಿಕೊಂಡೇ ಇತ್ತು. ನಮ್ಮ ಹೆಂಗಸರು ತುಂಬಿದ ಕೊಡ ಹೊತ್ತು ಆ ಗೋಡೆಯ ಪಕ್ಕದಲ್ಲಿ ಹಾದುಹೋದರು. ಎತ್ತು ದಿನಗಟ್ಟಲೆ ಒದರುವುದನ್ನು ಎಲ್ಲರೂ ಕೇಳಿದರು. ಕೊನೆಗೆ ಅದು ಒದರುವುದು ನಿಂತಾಗ, ಸದ್ಯ ಸುಮ್ಮನಾಯಿತೆಂದು ಹಗುರಾದವರೂ ಇದ್ದರಂತೆ. ಗೋಡೆಯ ಮೇಲಿನಿಂದ ಇಣುಕಿ ಸತ್ತ ಎತ್ತನ್ನು ಮೊದಲು ಕಂಡವನು ಹೇರಿನವನೇ. ಅವನು ಅಳಲಿಲ್ಲ, ಬೈಯಲಿಲ್ಲ. ನೆಟ್ಟಗೆ ಬೀಡಿಗೆ ಹೋಗಿ, ಕಟ್ಟಿಗೆ ಒಡೆಯುವ ಕೊಡಲಿಯನ್ನು ಎತ್ತಿಕೊಂಡು ಊರಿನ ಕಡೆ ಇಳಿಯತೊಡಗಿದ.

ಅದೇ ಇಳಿಬಿಸಿಲಿನಲ್ಲಿ ಭರಮಣ್ಣನೆಂಬವನು ಗುಡ್ಡದ ದಾರಿಯಾಗಿ ಊರಿಗೆ ಮರಳುತ್ತಿದ್ದ. ಇವನು ಹುಣಸಿಮಟ್ಟಿಯ ಗರಡಿಯ ಪೈಲ್ವಾನ. ಬೇರೆ ಊರಿನ ಕುಸ್ತಿಗೆ ಹೋದವನಿಗೆ ಎತ್ತಿನ ಸಂಗತಿ ಏನೂ ತಿಳಿದಿರಲಿಲ್ಲ. ಗರಡಿಗೆ ಗೌಡನ ಆಸರೆಯಿದ್ದುದರಿಂದ ಅವನ ತಲೆಗೂ ಗೌಡನ ಆಳುಗಳು ಸುತ್ತುವಂಥ ಕೆಂಪು ರುಮಾಲೇ ಇತ್ತು. ಹೇರಿನವನಿಗೆ ಕಂಡದ್ದು ಆ ರುಮಾಲು ಮಾತ್ರ. ಕೊಡಲಿ ಎತ್ತಿ ಮೈಮೇಲೆ ಬಂದ. ಹಿಂದೆ ಸರಿದಿದ್ದರೆ ಏಟು ಬೀಳುತ್ತಿತ್ತು. ಭರಮಣ್ಣ ಮುಂದಕ್ಕೆ ನುಗ್ಗಿ ಏಟಿನ ಒಳಗೆ ಸೇರಿದ. ಕೊಡಲಿಯ ಕಾವು ಅವನ ಭುಜಕ್ಕೆ ತಾಗಿತು, ಅಲಗು ತಾಗಲಿಲ್ಲ. ಒಂದು ತೋಳಿನಿಂದ ಕೊಡಲಿಯ ಕೈಯನ್ನು ಕಂಕುಳಿಗೆ ಒತ್ತಿ, ಇನ್ನೊಂದನ್ನು ಸೊಂಟಕ್ಕೆ ಸುತ್ತಿ, ಬೆನ್ನ ಹಿಂದಕ್ಕೆ ಹೊರಳಿ ಅವನನ್ನು ನೆಲಕ್ಕೆ ತಂದ. ತರುವಾಗ ತಾನೇ ಕೆಳಗಾಗಿ ಬಿದ್ದ, ಹೇರಿನವನ ತಲೆ ಕಲ್ಲಿಗೆ ಬಡಿಯದಿರಲೆಂದು. ಆಮೇಲೆ ಅವನನ್ನು ಬೋರಲು ಮಾಡಿ, ಕಾಲಿಗೆ ಕಾಲು ಹೆಣೆದು, ಕೊಡಲಿ ಬಿಡದ ಕೈಯನ್ನೂ ಇನ್ನೊಂದನ್ನೂ ಹಿಂದಕ್ಕೆ ತಂದು, ಕುತ್ತಿಗೆಯನ್ನು ಮಾತ್ರ ಮುಟ್ಟದೆ ಮೇಲೆ ಒರಗಿದ. ಹಿಡಿಯುವುದು ಮುರಿಯಲಿಕ್ಕಲ್ಲ, ಎದುರಿಗಿದ್ದವನ ಸಿಟ್ಟು ಇಳಿಯಲಿಕ್ಕೆ ಎಂದು ಆ ಗರಡಿಯ ಗುರು ಕಲಿಸಿದ್ದನಂತೆ. ಭರಮಣ್ಣ ಆ ಮಾತಿಗೆ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ.

ಹೇರಿನವನು ಬಹಳ ಹೊತ್ತು ಒದ್ದಾಡಿದ, ಮಣ್ಣು ಕಚ್ಚಿದ. ಭರಮಣ್ಣ ಬಿಗಿ ಹೆಚ್ಚಿಸಲಿಲ್ಲ, ಸಡಿಲಿಸಲೂ ಇಲ್ಲ. ಉಸಿರು ಸೋತ ಮೇಲೆ ಕೆಳಗಿದ್ದವನು ಎತ್ತಿನ ಸಂಗತಿಯನ್ನೆಲ್ಲ ಹೇಳಿದ.

“ನೀರಿಲ್ದ ಕೊಂದ್ರಲ್ಲೋ. ಕಡಲಿ ತಿಂದಿದ್ದಕ್ಕ ನನ್ನ ಹೊಡೀಬೇಕಿತ್ತು.”

“ನಾ ಊರಾಗ ಇರಲಿಲ್ಲಪ್ಪ,” ಎಂದ ಭರಮಣ್ಣ. “ನೀ ಹೇಳೂದು ಖರೇ ಇದ್ರ ತಪ್ಪು ನಮ್ದು. ಕೊಡಲಿ ಬಿಡು. ಊರ ದೈವದ ಹಿರಿಯರ ಮುಂದ ಕೂಡೂಣು, ನಾ ನಿನ್ನ ಬಾಜೂಕ ಕೂಡ್ತೀನಿ.”

“ನಿಮ್ಮೂರ ಮಂದಿ ನನ್ನ ಜೀವ ಉಳಸ್ತಾರೇನು?”

“ನನ್ನ ಕೈಯಾಗ ಇರೂತನಕ ನಿನ್ನ ಮೈಗೆ ಯಾರೂ ಕೈ ಹಚ್ಚೂದಿಲ್ಲ. ನಂಬು.”

ಹೇರಿನವನು ತಾನಾಗಿಯೇ ಬೆರಳು ಬಿಚ್ಚಿದ. ಕೊಡಲಿ ಜಾರಿತು. ಅವನ ಮೈಯೆಲ್ಲ ಸಡಿಲಾಗಿ ಹಸಿ ಮಣ್ಣಿನಂತಾಯಿತು. ಅದನ್ನು ಭರಮಣ್ಣ ತನ್ನ ಎದೆಯ ಕೆಳಗೆ ಅರಿತ. ಕುಸ್ತಿಯಲ್ಲಿ ಸೋತವನ ಮೈ ಹಾಗಾಗುವುದಿಲ್ಲ ಎಂದು ಅವನು ಮುಂದೆ ಹೇಳುತ್ತಿದ್ದನಂತೆ.

ಅಷ್ಟರಲ್ಲಿ ಹೊಲದಲ್ಲಿದ್ದ ಹೆಂಗಸರು ಕೊಡಲಿಯನ್ನು ಕಂಡು, ಉಪ್ಪಿನವನು ಪೈಲ್ವಾನನನ್ನು ಕಡಿಯುತ್ತಿದ್ದಾನೆಂದು ಊರೊಳಗೆ ಕೂಗಿಕೊಂಡು ಹೋಗಿದ್ದರು. ಊರಿಗೆ ಊರೇ ಗುಡ್ಡ ಹತ್ತಿತು. ಭರಮಣ್ಣ ಅವರನ್ನು ಕಂಡು, “ಹಿಡಿದೀನಿ, ತಣ್ಣಗಾಗ್ಯಾನ, ಯಾರೂ ಮುಂದ ಬರಬ್ಯಾಡ್ರಿ,” ಎಂದು ಕೂಗಿದ. ಮುಂದಿದ್ದವರು ಒಂದು ಗಳಿಗೆ ನಿಂತರು. ಹಿಂದಿನಿಂದ ಯಾರೋ, “ಶಾಬಾಸ್ ಪೈಲ್ವಾನ, ಬಿಡಬ್ಯಾಡ, ಹಂಗ ಹಿಡಕೋ,” ಎಂದರು. ಆ ಹೊಗಳಿಕೆಯ ಹಿಂದೆಯೇ ಮೊದಲ ಕಲ್ಲು ಬಂದಿತು. ಆಮೇಲೆ ಬಡಿಗೆಗಳು ಬಂದವು. ಎಲ್ಲರಿಗೂ ಎತ್ತಿನ ವಿಷಯ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅಷ್ಟು ಜೋರಾಗಿ ಹೊಡೆದರು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಕೈ ಬೆನ್ನಿಗೆ ಕಟ್ಟಿದಂತಿದ್ದವನು ಮುಖಕ್ಕೆ ಅಡ್ಡ ಹಿಡಿಯಲೂ ಆಗದೆ ಪೆಟ್ಟು ತಿಂದ. ಅವನು ಕೇಳಿದ್ದು ಒಂದೇ ಮಾತು, “ಅಣ್ಣಾ, ಕೈ ಬಿಡು.” ಭರಮಣ್ಣನ ತೋಳುಗಳು ತಕ್ಷಣ ಬಿಡಲಿಲ್ಲ. ಗರಡಿಯಲ್ಲಿ ಗುರು ಸಾಕೆನ್ನುವವರೆಗೆ ಪಟ್ಟು ಬಿಡಬಾರದೆಂದು ವರ್ಷಗಟ್ಟಲೆ ಕಲಿತ ತೋಳುಗಳು. ಜನರ ಹೊಗಳಿಕೆಯೂ ಕಿವಿಯಲ್ಲಿತ್ತು, ಅದನ್ನು ಅವನು ಎಂದೂ ಮುಚ್ಚಿಡಲಿಲ್ಲ. ಕೈ ಬಿಟ್ಟು, ಅವನ ಮೇಲೆ ಬಿದ್ದು, ತನ್ನ ಬೆನ್ನಿಗೆ ಪೆಟ್ಟು ತೆಗೆದುಕೊಳ್ಳುವ ಹೊತ್ತಿಗೆ ಕೆಳಗಿದ್ದವನಲ್ಲಿ ಉಸಿರಿರಲಿಲ್ಲ.

ಗೌಡ ಬಂದವನು ಕಳ್ಳನೊಬ್ಬ ಸತ್ತನೆಂದು ತೀರ್ಮಾನ ಮಾಡಿದ. ಊರು ಹೂಂಗುಟ್ಟಿತು. ಗುಡ್ಡದಲ್ಲೇ ಹೂಳುವಾಗ ಹೆಸರು ಕೂಗಬೇಕಲ್ಲ, ಆಗ ತಿಳಿಯಿತು, ಅವನ ಹೆಸರು ಯಾರಿಗೂ ಗೊತ್ತಿಲ್ಲವೆಂದು. ಅಷ್ಟು ಬಾಗಿಲಿಗೆ ಬಂದು ಕೈಮುಗಿದವನನ್ನು ಯಾವ ಬಾಗಿಲೂ ಹೆಸರು ಕೇಳಿರಲಿಲ್ಲ. ಅವನ ಉಳಿದ ಎತ್ತುಗಳನ್ನು ಭರಮಣ್ಣ ತನ್ನ ಹಿತ್ತಲಿಗೆ ತಂದು ಮೇಯಿಸಿದ. ಗರಡಿಯ ಕಡೆ ಮತ್ತೆ ಮುಖ ಹಾಕಲಿಲ್ಲ. ತೋಳು ಕಾಣದಂತೆ ಕಂಬಳಿ ಹೊದ್ದೇ ತಿರುಗುತ್ತಿದ್ದ, ಸ್ವಂತ ಮಗಳನ್ನು ಎತ್ತಿಕೊಳ್ಳಲೂ ಹಿಂಜರಿಯುತ್ತಿದ್ದ ಎನ್ನುತ್ತಾರೆ.

ಬೇಸಿಗೆ ಕಳೆಯುವ ಹೊತ್ತಿಗೆ ಗಂಡನನ್ನು ಹುಡುಕಿಕೊಂಡು ಅವನ ಹೆಂಡತಿ ಬಂದಳು. ಊರಿನ ಹಿರಿಯರು ಅವಳ ಮುಖ ನೋಡಲಾರದೆ ಭರಮಣ್ಣನ ಮನೆ ತೋರಿಸಿದರು. ಭರಮಣ್ಣ ಅವಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ, ನಡೆದದ್ದನ್ನು ಒಂದನ್ನೂ ಬಿಡದೆ ಹೇಳಿದ. ಹಿರಿಯರು ದೂರದಲ್ಲಿ ನಿಂತು ಕೇಳಿಸಿಕೊಂಡರು. ಅವಳು ಆ ಮಣ್ಣಿನ ಮೇಲೆ ಕುಳಿತು ಕೇಳಿದಳು.

“ಕೊಡಲಿ ನೀ ಕಸಗೊಂಡಿಯೇನು, ಅವನೇ ಬಿಟ್ಟನೇನು?”

“ಅವನೇ ಬಿಟ್ಟನವ್ವ. ನನ್ನ ಮಾತು ನಂಬಿ ಬಿಟ್ಟ.”

ಹಿರಿಯರಲ್ಲೊಬ್ಬ ಧೈರ್ಯ ಮಾಡಿ ಮುಂದೆ ಬಂದ. ಅವನ ಹೆಸರು ಹೇಳು ತಾಯಿ, ಇಲ್ಲಿ ಕಲ್ಲು ನಿಲ್ಲಿಸಿ ಪ್ರತಿ ವರ್ಷ ಪೂಜೆ ಮಾಡುತ್ತೇವೆ ಎಂದ. ಅವಳು ಎದ್ದು ಸೆರಗು ಕೊಡವಿಕೊಂಡಳು.

“ಅವನ ಹೆಸರು ನಿಮ್ಮ ಬಾಯಾಗ ಬ್ಯಾಡ. ಕಲ್ಲೂ ಬ್ಯಾಡ. ಕಲ್ಲಿಗೆ ಕುಂಕುಮ ಹಚ್ಚಿ ನಾಳೆ ನೀವು ಮರೀತೀರಿ. ನಂಬಿದವನ ಗುಡ್ಡ ಅನ್ರಿ. ಯಾರನ್ನ ನಂಬಿದ ಅಂತ ಮಂದಿ ಕೇಳಲಿ.”

ಭರಮಣ್ಣ ಎತ್ತುಗಳನ್ನು ತಂದು ಹಗ್ಗವನ್ನು ಅವಳ ಕೈಗಿಟ್ಟ. ಘಟ್ಟದ ತನಕ ಬರುತ್ತೇನೆಂದ. ಬೇಡವೆಂದಳು. ಆದರೂ ಅವನು ಕಣ್ಣಿಗೆ ಕಾಣದಷ್ಟು ಹಿಂದುಳಿದು, ಅವಳು ಘಟ್ಟ ಇಳಿಯುವುದನ್ನು ನೋಡಿಕೊಂಡೇ ಊರಿಗೆ ಬಂದನೆಂದು ಹೇಳುತ್ತಾರೆ. ಮೊದಲ ಕಲ್ಲು ಎಸೆದವನು ಯಾರೆಂದು ನಮ್ಮೂರಿನಲ್ಲಿ ಯಾರೂ ಹೇಳುವುದಿಲ್ಲ. ನಾನೂ ಅಜ್ಜಿಯನ್ನು ಕೇಳಲಿಲ್ಲ. ಕೇಳಿದರೆ ನಮ್ಮ ಮನೆಯ ಹೆಸರೇ ಬಂದೀತೆಂಬ ಅಳುಕು ನನಗೆ ಇಂದಿಗೂ ಇದೆ.

ಆ ಹೆಂಗಸಿನ ಮಾತಿನಂತೆ ಗುಡ್ಡದಲ್ಲಿ ಇಂದಿಗೂ ಗುಡಿಯಿಲ್ಲ, ಕಲ್ಲಿಲ್ಲ, ಗದ್ದುಗೆಯಿಲ್ಲ. ಬಂದವರಿಗೆ ಕಾಣುವುದು ದಾರಿಯ ಬಲಕ್ಕೆ ಒಂದಿಷ್ಟು ಬರಿಯ ನೆಲ. ಅಲ್ಲಿಗೆ ಬಂದಾಗ ಹುಣಸಿಮಟ್ಟಿಯವರು, ನಡೆದು ಹೋಗುವವರಿರಲಿ ಟ್ರ್ಯಾಕ್ಟರಿನ ಮೇಲಿರುವವರಿರಲಿ, ಮಾತು ನಿಲ್ಲಿಸಿ ತಲೆ ತಗ್ಗಿಸುತ್ತಾರೆ. ಜೊತೆಗಿದ್ದ ಪರವೂರಿನವರು ಅದನ್ನು ನೋಡಿ, ಇಲ್ಲಿ ಯಾವುದೋ ಶಕ್ತಿಯ ದೇವರಿರಬೇಕೆಂದು ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ. ನಾವು ಅವರನ್ನು ತಡೆಯುವುದೂ ಇಲ್ಲ, ನಾವು ಕೈಮುಗಿಯುವುದೂ ಇಲ್ಲ.