ಕೊಸರಿಗೆ ಜಾಗವಿಲ್ಲದ ಲೆಕ್ಕ

"ಕುಂಭಾವತಿಯ ಪ್ರಜೆಗಳೇ, ಕೇಳಿ! ಗಾಣ, ಮಗ್ಗ, ಅಂಗಡಿಗಳಿಗೆಲ್ಲ ಮಹಾರಾಜರು ವ್ಯಾಪಾರ ನೋಡಿಕೊಳ್ಳುವ ತಂತ್ರಾಂಶದ ಪೆಟ್ಟಿಗೆ ಕೊಟ್ಟು ವರ್ಷವಾಯಿತು. ಅದೇಕೆ ನಡೆಯುತ್ತಿಲ್ಲವೆಂದು ತಿಳಿಯಲು ರಾಜಕುಮಾರಿ ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!"

ಡಂಗುರ ಕೇಳಿದಾಗ ಗಾಣಿಗ ಸಂಕಣ್ಣ ಬೀಗ ಬಿದ್ದ ತನ್ನ ಗಾಣದ ಮುಂದೆ ಕೂತಿದ್ದ. ದಿನಾ ಸಂಜೆ ಎಣ್ಣೆ ಕಡಿಮೆಯೆಂದು ಪೆಟ್ಟಿಗೆ ತೋರಿಸುತ್ತಿತ್ತು. ಇವನೇ ಕಳ್ಳನೆಂದು ಮಂತ್ರಿ ಬೀಗ ಜಡಿಸಿದ್ದ. ಮೇವಿಲ್ಲದ ಎತ್ತು ಇವನನ್ನೇ ನೋಡುತ್ತಿತ್ತು. ಗಾಣ ಹೋದ ಮೇಲೆ ತಲೆ ಇಟ್ಟುಕೊಂಡು ಮಾಡುವುದೇನು? ಎದ್ದು ಹೊರಟ.

ಸಭೆಯಲ್ಲಿ ಇವನಿಗಿಂತ ಮುಂದೆ ಇಬ್ಬರಿದ್ದರು. ದೊರೆ ಕೂತಿದ್ದ ಸಿಂಹಾಸನದ ಪಕ್ಕದ ಪೆಟ್ಟಿಗೆಯ ಮೇಲೆ ಬೆಕ್ಕು ಮಲಗಿತ್ತು.

"ಆಯುಧಪೂಜೆಯ ದಿನ ಕುಂಕುಮ, ಹೂವು. ಮಿಕ್ಕ ದಿನ ಮುಸುಕು. ಏನದು?" ಎಂದಳು ರಾಜಕುಮಾರಿ.

"ಖಡ್ಗ!" ಎಂದ ನೆರೆನಾಡಿನ ಯುವರಾಜ. ಖಡ್ಗ ಬಂತು, ಅವನನ್ನು ಕರೆದೊಯ್ದರು.

ಎರಡನೆಯವನು ವ್ಯವಹಾರಶಾಸ್ತ್ರದ ಪಂಡಿತ. ಮೊದಲನೆಯದನ್ನು ಬಿಡಿಸಿದ.

"ಕದ್ದವರಿಲ್ಲ, ಚೆಲ್ಲಿದವರಿಲ್ಲ, ಗಾಣದ ಎಣ್ಣೆ ದಿನಾ ಕಡಿಮೆ. ಹೋಗುವುದೆಲ್ಲಿಗೆ?"

"ಆವಿಯಾಗಿ ಆಕಾಶಕ್ಕೆ." ಹಿಂದೆಯೇ ಪಂಡಿತನೂ ಹೋದ.

"ನೀನೇನು ಹೇಳ್ತೀಯಪ್ಪಾ?" ಎಂದು ರಾಜಕುಮಾರಿ ಸಂಕಣ್ಣನತ್ತ ತಿರುಗಿದಳು.

"ಪಂಡಿತರು ಹೇಳಿದಂತೆ ಮೊದಲನೆಯದು ಈ ಪೆಟ್ಟಿಗೆಯೇ ತಾಯಿ. ಊರವರೆಲ್ಲ ಪೂಜೆ ಮಾಡ್ತಾರೆ, ಮುಟ್ಟೋದಿಲ್ಲ; ಮುಟ್ಟಿದವನು ನಾನೊಬ್ಬ. ಎರಡನೆಯದು ಕೊಸರು. ಅಳೆದು ಕೊಟ್ಟ ಮೇಲೆ ಒಂದು ಹನಿ ಮೇಲೆ ಹಾಕದಿದ್ದರೆ ಯಾವ ಗಿರಾಕಿ ಮತ್ತೆ ಬರ್ತಾನೆ? ಪೆಟ್ಟಿಗೆಯಲ್ಲಿ ಕೊಸರಿಗೆ ಜಾಗವಿಲ್ಲ. ಅದಕ್ಕೇ ನಾನು ಕಳ್ಳ."

ಮಂತ್ರಿ ಕೆಮ್ಮಿದ. ರಾಜಕುಮಾರಿ ಮೂರನೆಯದನ್ನು ಮೆಲ್ಲಗೆ ಕೇಳಿದಳು: "ಹೊಗಳುವವರಲ್ಲಿ ಮೊದಲಿಗ, ಮುಟ್ಟಿ ನೋಡದವರಲ್ಲೂ ಮೊದಲಿಗ. ಯಾರು?"

ಸಂಕಣ್ಣನಿಗೆ ಉತ್ತರ ಗೊತ್ತಿತ್ತು. ಹೇಳಿದರೂ ತಲೆ, ಬಿಟ್ಟರೂ ತಲೆ. ಎತ್ತು ನೆನಪಾಯಿತು.

"ತಾವೇ, ಮಹಾಪ್ರಭು. ಪೆಟ್ಟಿಗೆಯನ್ನು ಹೊಗಳಿ ಊರಿಗೆಲ್ಲ ಹಂಚಿದಿರಿ, ತಮ್ಮ ಪೆಟ್ಟಿಗೆಯ ಮೇಲೆ ಬೆಕ್ಕು ಮಲಗಿದೆ. ದೊರೆ ಮುಟ್ಟದ್ದನ್ನು ಊರು ಮುಟ್ಟುತ್ತದೆಯೇ?"

ದೊರೆ ಕೆಂಪಾದ. "ಇವನ ತಲೆ..."

"ಉತ್ತರ ಸರಿಯಾಗಿದೆ, ಅಪ್ಪಾಜಿ."

ದೊರೆ ಬೆಕ್ಕನ್ನು ನೋಡಿದ. "ಅರ್ಧ ರಾಜ್ಯ ಕೇಳು."

"ಬೇಡ ಪ್ರಭು, ಅಲ್ಲೂ ಇದೇ ಪೆಟ್ಟಿಗೆ ಇದೆ. ನನ್ನ ಗಾಣದ ಬೀಗದಕೈ ಕೊಡಿ. ಆಗೋದಾದರೆ ಪೆಟ್ಟಿಗೆಯಲ್ಲಿ ಕೊಸರಿಗೊಂದು ಜಾಗ ಮಾಡಿಸಿ."

"ಪೆಟ್ಟಿಗೆ ಮಾಡಿದವರಿಗೆ ಬರೆಯುತ್ತೇವೆ. ಮುಂದಿನ ವರ್ಷ ನೋಡೋಣ," ಎಂದ ಮಂತ್ರಿ.

"ಅಲ್ಲಿಯವರೆಗೆ ಬೀಗದಕೈ ನನ್ನ ಹತ್ತಿರವೇ ಇರಲಿ."

ಮರುದಿನ ಗಾಣ ತಿರುಗಿತು. ಮೊದಲು ಬಂದವನು ಮಂತ್ರಿಯ ಮನೆಯ ಆಳು. ಸಂಕಣ್ಣ ಸರಿಯಾಗಿ ಅಳೆದು ಸುರಿದ. ಆಳು ಗಡಿಗೆ ಹಿಂದೆಗೆಯಲಿಲ್ಲ.

"ಏನಯ್ಯಾ?"

"ಕೊಸರು ಹಾಕಿಸಿಕೊಂಡೇ ಬಾ ಅಂದಿದ್ದಾರೆ ನಮ್ಮ ಧಣಿ."