ಜೇನುಬಣ್ಣದ ಬಿಯರು, ಕವುಚಿಟ್ಟ ಬಟ್ಟಲು

ಕಾಳಿನೊಳಗೆ ಮೊಳಕೆಯನ್ನೂ ಮೊಳಕೆಯೊಳಗೆ ಸಿಹಿಯನ್ನೂ ಅಡಗಿಸಿಟ್ಟ ತಾಯಿ ಅನ್ನಪೂರ್ಣೆಗೆ ಮೊದಲು ಕೈಮುಗಿಯುತ್ತೇನೆ. ಆಕೆಯ ದಯೆಯಿಂದ ನನ್ನ ನಾಲಿಗೆ ತಪ್ಪದಿರಲಿ.

ಹೊನ್ನೆತೀರದ ರೇವಿನಲ್ಲಿ ಒಂದು ಬೆಳಗ್ಗೆ ಡಂಗುರ ಮೊಳಗಿತು. "ಕೇಳಿರಪ್ಪೋ ಕೇಳಿ! ಜರ್ಮನ್ ಕಪ್ತಾನ ಮಾರುತ್ತಿದ್ದಂಥ ಜೇನುಬಣ್ಣದ ಬಿಯರನ್ನು ಮನೆಯಲ್ಲೇ ಮಾಡಿ ತಂದು, ದೊರೆ ಹಿರಣ್ಯಬಾಹುವಿನ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ಸೋತವನಿಗೆ ಯುಗಾದಿಯ ಮರುದಿನ ತಲೆದಂಡ!"

ಕಪ್ತಾನ ಹಾನ್ಸ್ ವರ್ಷವರ್ಷವೂ ಹಡಗಿನ ತುಂಬ ಪೀಪಾಯಿ ಹೇರಿಕೊಂಡು ಬರುತ್ತಿದ್ದ. ಹೋದ ಮಳೆಗಾಲದಲ್ಲಿ ಆ ಹಡಗು ಕಪ್ತಾನನ ಸಮೇತ ಮುಳುಗಿತು. ಅಂದಿನಿಂದ ದೊರೆಗೆ ಬಾಯಿರುಚಿಯೇ ಇರಲಿಲ್ಲ.

ಬಂದವರಿಗೆಲ್ಲ ಅರಮನೆಯಿಂದ ಬಾರ್ಲಿ, ಒಣಗಿದ ಕಹಿ ಹೂವು, ಕಪ್ತಾನನ ಒಂದು ಖಾಲಿ ಪೀಪಾಯಿ ಸಿಗುತ್ತಿತ್ತು. ನೆರೆರಾಜ್ಯದ ಯುವರಾಜ ಬೆಲ್ಲ ಕರಗಿಸಿ ಕೇಸರಿ ಬೆರೆಸಿ ತಂದ. "ಪಾನಕ ಚೆನ್ನಾಗಿದೆ," ಎಂದ ದೊರೆ. ಯುವರಾಜ ಮೊದಲ ಒಗಟಿಗೇ ಸೋತ. ಅತ್ತರಿನ ವ್ಯಾಪಾರಿಯೊಬ್ಬ "ಥೂ, ಕೊಳೆ!" ಎಂದು ಪೀಪಾಯಿಯ ತಳದ ಗಸಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದ. ಅವನ ಮಡಕೆ ಉಕ್ಕಲೇ ಇಲ್ಲ. ಇಬ್ಬರೂ ಸೆರೆ ಸೇರಿದರು. ಕಪ್ತಾನನ ಪೀಪಾಯಿಗಳನ್ನು ಉರುಳಿಸುತ್ತಿದ್ದ ಹಮಾಲಿ ದುಗ್ಗ ಬಿಯರನ್ನು ಸರಿಯಾಗಿಯೇ ಮಾಡಿದ, ಮೊದಲ ಎರಡು ಒಗಟನ್ನೂ ಬಿಡಿಸಿದ. ಮೂರನೆಯದಕ್ಕೆ ಎಡವಿ ಅವನೂ ಸೆರೆ ಸೇರಿದ.

ದುಗ್ಗನ ತಮ್ಮ ಕೆಂಚ ಎದ್ದು ನಿಂತಾಗ ತಾಯಿ ಸಂಕಮ್ಮ ಬಾಗಿಲಿಗೆ ಅಡ್ಡ ಬಂದಳು. "ಒಬ್ಬ ಹೋದದ್ದು ಸಾಲದೇನೋ? ನೀನೂ ಹೋಗ್ತೀಯಾ?"

"ದೇವಿ ಕೊಟ್ಟ ತಲೆ ಅಮ್ಮಾ. ಅಣ್ಣನಿಗಾಗಿ ಹೋದರೆ ಆಕೆ ಬೈಯುವುದಿಲ್ಲ."

ಕೆಂಚ ಬಾರ್ಲಿಗೆ ಮೊಳಕೆ ಬರಿಸಿ, ಒಣಗಿಸಿ, ಜೇನಿನ ಬಣ್ಣಕ್ಕೆ ಹುರಿದ. ಕುಟ್ಟಿ ಬಿಸಿನೀರಿನಲ್ಲಿಟ್ಟು ಸಿಹಿನೀರು ಬಸಿದ. ಕಹಿ ಹೂವು ಹಾಕಿ ಕುದಿಸಿ, ಆರಿದ ಮೇಲೆ ಅಣ್ಣನ ಮಡಕೆಯಲ್ಲಿ ಉಳಿದಿದ್ದ ಗಸಿಯನ್ನು ಸುರಿದ. ಉಕ್ಕು ಅಡಗಿದ ಮೇಲೆ ಊರಾಚೆಯ ಗುಹೆಯಲ್ಲಿದ್ದ ದೇವಿಯ ಗುಡಿಯ ಹಿಂದಿನ ತಣ್ಣನೆಯ ಕೊಳದಲ್ಲಿ ಮಡಕೆ ಇಳಿಸಿ, ದಿನವೂ ದೀಪ ಹಚ್ಚುತ್ತ ಕಾದ.

ಸಭೆಯಲ್ಲಿ ಮಂತ್ರಿ ನಕ್ಕ. "ಏನಯ್ಯಾ, ಅಣ್ಣನ ತಲೆ ಸಾಲದೆಂದು ನಿನ್ನದನ್ನೂ ತಂದೆಯಾ?"

"ಬೇರೆ ಏನೂ ಇರಲಿಲ್ಲ, ಸ್ವಾಮಿ," ಎಂದ ಕೆಂಚ.

ದೊರೆ ಕೇಳಿದ: "ಹುಟ್ಟಿಸಿದ ಮೇಲೆಯೇ ಕೊಲ್ಲಬೇಕು, ಕೊಂದ ಮೇಲೆಯೇ ಸಿಹಿ ಬಿಡಬೇಕು. ಯಾವುದದು?"

"ಬಾರ್ಲಿಯ ಮೊಳಕೆ, ಒಡೆಯಾ. ಮೊಳೆತರೆ ಸಿಹಿಯ ದಾರಿ ತೆರೆಯುತ್ತದೆ. ಹಾಗೇ ಬೆಳೆಯಲು ಬಿಟ್ಟರೆ ಸಿಹಿಯನ್ನು ಗಿಡವೇ ತಿನ್ನುತ್ತದೆ. ಅದಕ್ಕೇ ಬೆಂಕಿ ತೋರಿಸಬೇಕು."

"ಸಿಹಿ ಉಂಡು ಕುಣಿಯುತ್ತದೆ, ಹೊಟ್ಟೆ ತುಂಬಿದರೆ ತಳದಲ್ಲಿ ಮಲಗುತ್ತದೆ. ಅದನ್ನು ಕೊಳೆಯೆಂದವನ ಮಡಕೆ ಮೂಕ. ಯಾವುದದು?"

"ಗಸಿ, ಒಡೆಯಾ. ಹುದುಗು ಬರಿಸುವ ಜೀವ ಅದರಲ್ಲೇ ಇದೆ."

"ಇದೆಲ್ಲ ಇವನಣ್ಣ ಹೇಳಿದ್ದೇ!" ಎಂದ ಮಂತ್ರಿ.

"ಹೌದು ಸ್ವಾಮಿ, ಕಲಿಸಿದವನೂ ಅವನೇ."

ದೊರೆ ಬಟ್ಟಲೆತ್ತಿದ. ಅವನ ಕೈ ತಾನಾಗಿ ಎಡಕ್ಕೆ, ಯಾವುದಕ್ಕೋ ತಾಗಿಸುವಂತೆ ಚಾಚಿತು. ಮರುಕ್ಷಣ ಹಿಂದೆ ಬಂತು. ಎಡಕ್ಕಿದ್ದದ್ದು ಬರಿಯ ಪೀಠ. ಅದರ ಮುಂದೆ ಇನ್ನೊಂದು ಬಟ್ಟಲು, ಕವುಚಿಟ್ಟದ್ದು, ಧೂಳು ಹಿಡಿದದ್ದು. ದೊರೆ ಗುಟುಕು ಕುಡಿದು ಕಣ್ಣು ಮುಚ್ಚಿದ.

"ಬಣ್ಣ ಅದೇ, ಕಹಿ ಅದೇ, ನೊರೆಯೂ ಅದೇ. ಆದರೂ ಒಂದು ಕಡಿಮೆ. ಅದನ್ನು ಯಾವ ಮಡಕೆಯಲ್ಲೂ ಕಾಸಲಾಗದು. ನಿನ್ನಣ್ಣ ಜರ್ಮನಿಯ ನೀರು ಎಂದ. ನೀನೇನು ಹೇಳುತ್ತೀ?"

ಕೆಂಚ ಮನಸ್ಸಿನಲ್ಲೇ ದೇವಿಯನ್ನು ನೆನೆದ.

"ನಿಮ್ಮ ಬಟ್ಟಲಿಗೆ ತಾಗುತ್ತಿದ್ದ ಆ ಬಟ್ಟಲು, ಒಡೆಯಾ. ಜೊತೆಗೆ ಕುಡಿಯಲು ಕಪ್ತಾನರು ಇಲ್ಲ."

ದೊರೆ ಆ ಕವುಚಿದ ಬಟ್ಟಲಿನ ಮೇಲೆ ಕೈಯಿಟ್ಟ. "ಅವನು ಹೋದಂದಿನಿಂದ ಎಲ್ಲರೂ ಅವನ ಬಿಯರಿನ ಮಾತೆತ್ತಿದರು, ಅವನಿಲ್ಲವೆಂದು ಯಾರೂ ಹೇಳಲಿಲ್ಲ. ಗೆದ್ದೆ ಮಗೂ, ಏನು ಬೇಕು ಕೇಳು."

"ಸೆರೆಯಲ್ಲಿರುವ ಪ್ರತಿಯೊಬ್ಬನ ಮನೆಯಲ್ಲೂ ಒಂದು ಬಟ್ಟಲು ಹೀಗೇ ಕವುಚಿದೆ, ಒಡೆಯಾ. ನಮ್ಮಮ್ಮ ಅಣ್ಣನದನ್ನು ಮುಟ್ಟುವುದೂ ಇಲ್ಲ."

ದೊರೆ ತಲೆ ತಗ್ಗಿಸಿದ. ಅಂದೇ ಸೆರೆಮನೆಯ ಬಾಗಿಲು ತೆರೆಯಿತು. ಯುವರಾಜನೂ ವ್ಯಾಪಾರಿಯೂ ದುಗ್ಗನೂ ಜೀವ ಹೊತ್ತು ಮನೆಗೆ ನಡೆದರು. ಅಣ್ಣತಮ್ಮಂದಿರಿಗೆ ಅರಮನೆಯ ಬಿಯರು ಮಾಡುವ ಕೆಲಸವೂ ಗುಹೆಯ ದೇವಿಗೆ ನಂದಾದೀಪವೂ ಸಿಕ್ಕವು. ಸಂಜೆ ದೊರೆ ತಾನೇ ಕಪ್ತಾನನ ಬಟ್ಟಲು ತೊಳೆದು, ತುಂಬಿ, ಕಡಲಿಗೆ ಸುರಿದ. ಆಮೇಲೆ ತನ್ನದನ್ನು ಕುಡಿದು ಮೆಲ್ಲಗೆ "ಈಗ ಸರಿಯಾಯಿತು," ಎಂದ.

ಕತೆ ಕೇಳಿದ ನಿಮ್ಮೆಲ್ಲರ ಮನೆಯಲ್ಲಿ ದೂರ ಹೋದವರು ಕ್ಷೇಮವಾಗಿ ಮರಳಲಿ. ಮರಳಲಾರದವರ ಹೆಸರು ನಿಮ್ಮ ಬಾಯಲ್ಲಿ ಸಿಹಿಯಾಗಿ ಉಳಿಯಲಿ. ತಾಯಿ ನಿಮ್ಮನ್ನು ಕಾಯಲಿ.